ಮೊದಲು ಫೋನ್ ಇಡುವವರು ಯಾರು?

ಹಲೋ ಅತ್ತೆಗೆ ಆ ಹೆಸರಿಟ್ಟವರು ಅವಳ ಅಣ್ಣನ ಮಕ್ಕಳು. ಆ ಮಕ್ಕಳು ಬೆಳೆದು ತಮ್ಮ ತಮ್ಮ ಸಂಸಾರದಲ್ಲಿ ಮುಳುಗಿ ಹೋದರೂ ಹೆಸರು ಮಾತ್ರ ಮನೆಯಿಂದ ಬೀದಿಗಿಳಿದು, ಹಾಲು ಹಾಕುವವನ, ದರ್ಜಿಯ, ಔಷಧಿ ಅಂಗಡಿಯವನ ಬಾಯಿಗೆಲ್ಲ ಹತ್ತಿಬಿಟ್ಟಿತ್ತು. ಯಾರಾದರೂ ಬಾಗಿಲು ತಟ್ಟಿದರೆ ಲೋಕದ ಜನ "ಯಾರದು?" ಅನ್ನುತ್ತಾರೆ. ಇವಳು "ಹಲೋ, ಹೇಳಿ" ಅನ್ನುತ್ತಿದ್ದಳು. ನಿದ್ದೆಯಿಂದ ಎಬ್ಬಿಸಿದರೂ ಅದೇ, ಗೇಟಿನಲ್ಲಿ ಎದುರಾದ ನಾಯಿಗೂ ಅದೇ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ನೀರು ಸರಬರಾಜು ಕಚೇರಿಯ ಟೆಲಿಫೋನ್ ಕೋಣೆಗೆ ಕಪ್ಪು ಕೂದಲಿನಲ್ಲಿ ಹೋದವಳು ಕೂದಲು ಬೆಳ್ಳಗಾದ ಮೇಲೂ ಅಲ್ಲೇ ಕೂತಿದ್ದಳು. ಮದುವೆಯ ಮಾತು ಆಗೊಮ್ಮೆ ಈಗೊಮ್ಮೆ ಬಂದು, ಯಾಕೋ ಕೂಡಿ ಬರದೆ ಹೋಗಿತ್ತು. ಅಣ್ಣನ ಮನೆಯ ಹಿಂದಿನ ಕೋಣೆ, ಕಚೇರಿಯ ಮುಂದಿನ ಕೋಣೆ, ಇವೆರಡರ ನಡುವೆ ಅವಳ ಬದುಕು ಸುಖವಾಗಿಯೇ ನಡೆದಿತ್ತು.

ಕೆಲಸಕ್ಕೆ ಸೇರಿದ ದಿನ ಆಗಿನ ಮೇಲ್ವಿಚಾರಕಿ, ನಗುವುದನ್ನು ಯಾರೂ ಕಂಡಿರದ ಹೆಂಗಸು, ಅವಳಿಗೆ ಒಂದೇ ಒಂದು ಪಾಠ ಹೇಳಿದ್ದಳು. "ಕರೆ ಮಾಡಿದವರು ಮೊದಲು ಇಡ್ಬೇಕು. ಎತ್ತಿಕೊಂಡವರು ಇಡೋ ಹಾಗಿಲ್ಲ. ಆ ಕಡೆ ಟಕ್ ಅಂದ ಮೇಲೇ ನಿನ್ನ ಕೈ ಕೆಳಗಿಳೀಬೇಕು. ಭೂಮಿ ಬಾಯಿ ಬಿಟ್ಟರೂ ಸರಿ."

ಹಲೋ ಅತ್ತೆ ಈ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದರೆ, ಒಮ್ಮೆ ಯಾರೋ ಒಬ್ಬರು ಕೊಳಾಯಿಯ ಕಥೆ ಹೇಳುತ್ತ ಹೇಳುತ್ತ ನಿದ್ದೆಹೋದರು. ಇವಳು ಊಟ ಬಿಟ್ಟು ಅವರ ಗೊರಕೆ ಕೇಳುತ್ತ ಕೂತಳು. ಕೊನೆಗೆ ಆ ಕಡೆಯಿಂದ ಅವರ ಹೆಂಡತಿ ರಿಸೀವರ್ ಕಿತ್ತುಕೊಂಡು, "ಯಾರೇ ನೀನು? ನಮ್ಮ ಯಜಮಾನರು ಮಲಗಿದ್ದಾಗ ಏನು ಮಾತು ನಿಂದು?" ಎಂದು ಅಬ್ಬರಿಸಿದಳು. "ನೀರು ಸರಬರಾಜು ಕಚೇರಿ ಅಮ್ಮಾ" ಎಂದಾಗ ಆ ಹೆಂಗಸು, "ಹಾಗಾದ್ರೆ ನನ್ನದೂ ಒಂದು ದೂರಿದೆ, ಬರ್ಕೊಳ್ಳಿ" ಎಂದಳಂತೆ. ಅದನ್ನೂ ಇವಳು ಬರೆದುಕೊಂಡಳು.

ಮನೆಯಲ್ಲೂ ಇದೇ ಪಾಡು. ಬಂದವರು ತಾವಾಗಿ ಏಳುವ ತನಕ ಇವಳು ಮಾತು ನಿಲ್ಲಿಸುವವಳಲ್ಲ. ಇವಳು ಮಾತು ನಿಲ್ಲಿಸುವ ತನಕ ಬಂದವರಿಗೆ ಏಳಲು ಸಂಕೋಚ. ಹೀಗೆ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ಕತ್ತಲಾಗುವ ತನಕ ಕೂತು, ಅವಳನ್ನು ಹುಡುಕಿಕೊಂಡು ಬಂದ ಗಂಡನೂ ಕೂತು, ಅತ್ತಿಗೆ ಇಬ್ಬರಿಗೂ ತಟ್ಟೆ ಹಾಕಬೇಕಾಗಿ ಬಂದ ದಿನಗಳುಂಟು. "ನಿಮ್ಮ ತಂಗಿ ಇರೋ ತನಕ ಈ ಮನೆ ಕುರ್ಚಿಗಳು ತಣ್ಣಗಾಗಲ್ಲ" ಎಂದು ಅತ್ತಿಗೆ ಗಂಡನ ಹತ್ತಿರ ಗೊಣಗುತ್ತಿದ್ದಳು. ಅಣ್ಣ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅವನಿಗೆ ತಂಗಿಯ ಸ್ವಭಾವವೂ ಗೊತ್ತಿತ್ತು, ಹೆಂಡತಿಯ ಸ್ವಭಾವವೂ ಗೊತ್ತಿತ್ತು.

ಇಂಥ ಹೆಂಗಸಿನ ಕೋಣೆಯಿಂದ ಒಂದು ದಿನ ಟೆಲಿಫೋನನ್ನೇ ಎತ್ತಿಕೊಂಡು ಹೋದರು. ಮುಖ್ಯ ಇಂಜಿನಿಯರ್ ಸಾಹೇಬರು ಅವಳನ್ನು ಮಹಡಿಯ ಮೇಲಕ್ಕೆ ಕರೆಸಿಕೊಂಡು ವಿಷಯ ಹೇಳಿದರು.

"ಇನ್ಮೇಲೆ ಜನ ಫೋನ್ ಮಾಡಲ್ಲ ಅಮ್ಮಾ. ಕಮೆಂಟ್ ಮಾಡ್ತಾರೆ. ನಮ್ಮ ಕಚೇರಿಗೂ ಒಂದು ಪೇಜ್ ಮಾಡಿದ್ದೀವಿ. ಸಾರ್ವಜನಿಕ ಸಂಪರ್ಕ ಎಲ್ಲ ಅದರಲ್ಲೇ."

"ಅದನ್ನ ಎತ್ತಿಕೊಳ್ಳೋರು ಯಾರು ಸರ್?"

"ಅದನ್ನ ಎತ್ತಿಕೊಳ್ಳೋದಲ್ಲ, ನಡೆಸೋದು. ಅದಕ್ಕೆ ಸಂಜೆ ಕೋರ್ಸ್ ಇದೆ. ನೀವು ಪಾಸಾದ್ರೆ ನೀವೇ ನಡೆಸಿ. ಇಲ್ಲಾಂದ್ರೆ..." ಸಾಹೇಬರು ಕಿಟಕಿಯಾಚೆ ಕೈ ತೋರಿಸಿದರು. "ಹಿಂದೆ ಮೀಟರ್ ಗೋಡೌನಲ್ಲಿ ಒಬ್ಬರು ಬೇಕು."

ಆ ಗೋಡೌನು ಎಂದರೆ ಕೆಟ್ಟುಹೋದ ನೀರಿನ ಮೀಟರುಗಳನ್ನು ರಾಶಿ ಹಾಕಿದ್ದ ತಗಡಿನ ಕೊಟ್ಟಿಗೆ. ಅಲ್ಲಿ ಹಿಂದೆ ಇದ್ದವನು ಒಳ್ಳೆಯವನೇ. ಆದರೆ ಕೊನೆಕೊನೆಗೆ ಮೀಟರುಗಳ ಹತ್ತಿರ ಮಾತಾಡಲು ಶುರು ಮಾಡಿ, ಒಂದೆರಡು ಮೀಟರುಗಳೊಂದಿಗೆ ಮಾತು ಬಿಟ್ಟಿದ್ದ ಎಂದು ಕಚೇರಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಹಲೋ ಅತ್ತೆಗೆ ಸಾವಿನ ಭಯವಿರಲಿಲ್ಲ, ಕಾಯಿಲೆಯ ಭಯವಿರಲಿಲ್ಲ. ಇಡೀ ದಿನ ಒಬ್ಬರೂ ಮಾತಾಡಿಸದ ಜಾಗದಲ್ಲಿ ನಿವೃತ್ತಿಯ ತನಕ ಕೂರುವ ಭಯ ಮಾತ್ರ ಇತ್ತು, ಅದು ಇಷ್ಟು ವರ್ಷ ಅವಳಿಗೇ ಗೊತ್ತಿರಲಿಲ್ಲ.

"ಕೋರ್ಸಿಗೆ ಸೇರ್ತೀನಿ ಸರ್" ಎಂದಳು.

ತರಗತಿ ನಡೆಯುತ್ತಿದ್ದುದು ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ. ಕೆಳಗೆ ಟೈರಿಗೆ ಗಾಳಿ ತುಂಬಿದಾಗಲೆಲ್ಲ ಮೇಲೆ ಬೆಂಚುಗಳು ನಡುಗುತ್ತಿದ್ದವು. ವಿದ್ಯಾರ್ಥಿಗಳೆಲ್ಲ ಮೀಸೆ ಚಿಗುರಿದವರು, ಕೂದಲಿಗೆ ಬಣ್ಣ ಹಚ್ಚಿದವರು. ಪಾಠ ಹೇಳುವ ಮೇಡಂ ಕೂಡ ಹಲೋ ಅತ್ತೆಗೆ ಮಗಳಾಗಬಹುದಾದ ವಯಸ್ಸಿನವಳು. ಅವಳು ಅತ್ತೆಯನ್ನು "ಆಂಟಿ" ಎನ್ನುತ್ತಿದ್ದಳು, ಅತ್ತೆ ಅವಳನ್ನು "ಮೇಡಂ" ಎನ್ನುತ್ತಿದ್ದಳು. ಹೀಗೆ ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಕೊನೆಯ ತನಕ ತೀರ್ಮಾನವಾಗಲಿಲ್ಲ.

ಮೇಡಂ ಮೊದಲ ವಾರ ಹೇಳಿದ್ದರಲ್ಲಿ ಅತ್ತೆಗೆ ಹಿಡಿಸಿದ ಮಾತು ಒಂದೇ. "ಸಂಸ್ಥೆಯ ಪೇಜಿನಲ್ಲಿ ಯಾವ ಕಮೆಂಟೂ ಉತ್ತರ ಇಲ್ಲದೆ ಉಳೀಬಾರದು. ಕೊನೇ ಮಾತು ನಮ್ಮದಾಗಿರ್ಬೇಕು. ಪರೀಕ್ಷಕರು ಬಂದಾಗ ಮೊದಲು ನೋಡೋದೇ ಅದನ್ನ." ಅತ್ತೆಗೆ ಇದು ತನ್ನ ಹಳೆಯ ಮೇಲ್ವಿಚಾರಕಿಯೇ ಬಣ್ಣದ ಕೂದಲಿನಲ್ಲಿ ಮತ್ತೆ ಹುಟ್ಟಿ ಬಂದು ಹೇಳಿದ ಹಾಗಾಯಿತು. ಈ ವಿದ್ಯೆ ತನಗೆ ಹೊಸದೇನೂ ಅಲ್ಲ ಎಂದುಕೊಂಡು ಅವಳು ಹುರುಪಿನಿಂದ ಪೇಜಿಗೆ ಕೈ ಹಾಕಿದಳು.

ಕೈ ಹಾಕಿದ ಮೊದಲ ದಿನವೇ ರಂಪವಾಯಿತು. ಲೈಕ್ ಗುಂಡಿಯನ್ನು ಅವಳು ಹೂಂಗುಟ್ಟುವುದು ಎಂದು ತಿಳಿದುಕೊಂಡಿದ್ದಳು. ಫೋನಿನಲ್ಲಿ ಆ ಕಡೆಯವರು ಹೇಳುತ್ತಿದ್ದರೆ ಈ ಕಡೆ ಹೂಂ, ಹೂಂ ಎನ್ನಬೇಕಲ್ಲವೇ? ಹಾಗೆಯೇ ಬಂದ ದೂರಿಗೆಲ್ಲ ಒಂದೊಂದು ಲೈಕ್ ಒತ್ತಿದಳು. "ನಮ್ಮ ಬೀದಿಗೆ ನೀರು ಬಂದು ವಾರವಾಯಿತು" ಎಂಬುದಕ್ಕೆ ನೀರು ಸರಬರಾಜು ಕಚೇರಿಯ ಮೆಚ್ಚುಗೆ. "ನಲ್ಲಿಯಲ್ಲಿ ಹುಳು ಬರುತ್ತಿದೆ" ಎಂಬುದಕ್ಕೂ ಮೆಚ್ಚುಗೆ. "ಈ ಕಚೇರಿಯವರಿಗೆ ನಾಚಿಕೆಯಾಗಬೇಕು" ಎಂದು ಯಾರೋ ಹಿಡಿಶಾಪ ಹಾಕಿದ್ದಕ್ಕೆ, ಆತ ಬಹಳ ಉದ್ದ ಬರೆದಿದ್ದಾನಲ್ಲ ಎಂದು, ತನ್ನ ಸ್ವಂತ ಫೋನಿನಿಂದಲೂ ಒಂದು.

ಸಾಹೇಬರು ಮಹಡಿಯಿಂದ ಒಂದೊಂದು ಮೆಟ್ಟಿಲು ಬಿಟ್ಟು ಹಾರಿ ಬಂದರು. "ಏನಮ್ಮಾ ಇದು! ಹುಳ ಬರ್ತಿದೆ ಅಂದ್ರೆ ನಾವು ಖುಷಿ ಪಡ್ತಿದ್ದೀವಾ?"

"ಕೇಳಿಸ್ಕೊಂಡೆ ಅಂತ ಹೇಳಿದ್ದು ಸರ್."

"ಕೇಳಿಸ್ಕೊಂಡೆ ಅಂತ ಹೇಳೋಕೆ ಗುಂಡಿ ಇಲ್ಲ!"

"ಅದೊಂದು ಇರ್ಬೇಕಿತ್ತು" ಎಂದಳು ಅತ್ತೆ. ಅವಳ ಮಾತಿನಲ್ಲಿ ನ್ಯಾಯವಿತ್ತು ಎಂದು ನನಗಂತೂ ಅನ್ನಿಸುತ್ತದೆ, ಆದರೆ ಸಾಹೇಬರಿಗೆ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಲೈಕಿನ ತಂಟೆಗೆ ಹೋಗದೆ ಬರಿಯ ಉತ್ತರ ಬರೆದಳು. ಪ್ರತಿಯೊಂದಕ್ಕೂ "ಹಲೋ, ನೀರು ಸರಬರಾಜು ಕಚೇರಿ" ಎಂದು ಶುರು. ಬೆರಳು ಒಂದೊಂದೇ ಅಕ್ಷರ ಹುಡುಕುತ್ತಿದ್ದರೆ ಬಾಯಿ ಗಟ್ಟಿಯಾಗಿ ಅದನ್ನೇ ಹೇಳುತ್ತಿತ್ತು. ಜನ "ಸರಿ" ಎಂದರೆ ಇವಳು "ಆಯ್ತು ಸರ್" ಎನ್ನುವಳು. ಅವರು "ಥ್ಯಾಂಕ್ಸ್" ಎಂದರೆ "ಅದಕ್ಕೇನಂತೆ" ಎನ್ನುವಳು. ಅವರು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದರೆ ಇವಳೂ ಒಂದು ಹೆಬ್ಬೆಟ್ಟು. ಸಾಮಾನ್ಯ ಜನ ಅಷ್ಟು ಹೊತ್ತಿಗೆ ಸುಸ್ತಾಗಿ ಫೋನು ಕೆಳಗಿಟ್ಟು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಕೊನೆಯ ಮಾತು ಅತ್ತೆಯದೇ ಆಗುತ್ತಿತ್ತು. ಮೇಡಂ ತರಗತಿಯಲ್ಲಿ ಎಲ್ಲರ ಮುಂದೆ, "ನೋಡಿ, ಆಂಟಿ ಪೇಜಲ್ಲಿ ಒಂದೂ ಬಾಕಿ ಇಲ್ಲ" ಎಂದು ಹೊಗಳಿದಾಗ ಅತ್ತೆ ಮನೆಗೆ ಹೋಗಿ ಅತ್ತಿಗೆಗೆ ಅದನ್ನು ಮೂರು ಬಗೆಯಲ್ಲಿ ಹೇಳಿದಳು.

ಆಮೇಲೆ ಪಂಪು ನಿಂತಿತು.

ಪಂಪು ನಿಲ್ಲುವುದು ಹೊಸ ಸಂಗತಿಯಲ್ಲ. ಅತ್ತೆ ಪೇಜಿನಲ್ಲಿ ಬರೆದಳು: "ಹಲೋ, ನೀರು ಸರಬರಾಜು ಕಚೇರಿ. ವಿದ್ಯುತ್ ಕಚೇರಿಯವರು ಕರೆಂಟ್ ತೆಗೆದಿರುವುದರಿಂದ ಪಂಪು ನಿಂತಿದೆ. ನೀರು ತಡವಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ." ಸ್ವಲ್ಪ ಹೊತ್ತಿಗೆ ಅದರ ಕೆಳಗೆ ವಿದ್ಯುತ್ ಕಚೇರಿಯ ಪೇಜಿನಿಂದಲೇ ಒಂದು ಕಮೆಂಟು ಬಂತು: "ನಮಸ್ಕಾರ, ವಿದ್ಯುತ್ ಕಚೇರಿ. ತಂತಿ ರಿಪೇರಿ ಮುಗಿದು ಕರೆಂಟ್ ಬಂದಿದೆ. ಪಂಪು ಶುರು ಮಾಡಬಹುದು. ಮತ್ತೇನಾದರೂ ಸೇವೆ?"

ಅತ್ತೆಯ ಕೈ ನಿಂತುಹೋಯಿತು. "ಮತ್ತೇನಾದರೂ ಸೇವೆ?" ಎನ್ನುವವರು ಜಗತ್ತಿನಲ್ಲಿ ಒಬ್ಬರೇ. ವಿದ್ಯುತ್ ಕಚೇರಿಯ ಟೆಲಿಫೋನ್ ಆಪರೇಟರು. ಪಂಪು ನಿಂತಾಗಲೆಲ್ಲ ಇವಳು ಅವರಿಗೆ ಫೋನು ಮಾಡಿದ್ದಳು; ಅವರ ಕಚೇರಿಯ ತೊಟ್ಟಿ ಖಾಲಿಯಾದಾಗಲೆಲ್ಲ ಅವರು ಇವಳಿಗೆ ಮಾಡಿದ್ದರು. ಯಾವತ್ತೂ ಮುಖ ನೋಡಿರಲಿಲ್ಲ. ದಪ್ಪ ಗಂಟಲು, ನಿಧಾನದ ಮಾತು, ನೆಗಡಿಯಾದಾಗ "ಕ್ಷಮಿಸಿ" ಎಂದು ಹೇಳಿ ಸೀನುವ ಮರ್ಯಾದೆ. ಅವರ ಬಗ್ಗೆ ಗೊತ್ತಿದ್ದುದು ಅಷ್ಟೇ, ಮತ್ತು ಅದು ಅವಳಿಗೆ ಬಹಳವಾಗಿ ಗೊತ್ತಿತ್ತು. ಫೋನು ಎತ್ತಿಕೊಂಡು ಹೋದ ದಿನ ಇವಳಿಗೆ ಮೊದಲು ನೆನಪಾದದ್ದು ಅವರು, ಆದರೆ ಅದನ್ನು ಯಾರ ಹತ್ತಿರ ಹೇಳುವುದು?

"ಹಲೋ, ಸಂತೋಷ ಸರ್. ಪಂಪು ಶುರುವಾಯಿತು. ಉಪಕಾರವಾಯಿತು" ಎಂದು ಬರೆದಳು.

"ಉಪಕಾರ ಏನು ಬಂತು, ಕರ್ತವ್ಯ."

"ಆಯ್ತು ಸರ್."

"ಆಯ್ತಮ್ಮಾ."

"ಸರಿ ಸರ್, ಹಾಗಾದರೆ."

"ಸರಿ, ಹಾಗೇ ಆಗಲಿ."

ಇಲ್ಲಿ ಓದುಗರು ಒಂದು ತೊಡಕನ್ನು ಗಮನಿಸಬೇಕು. ಅವರೂ ಆಪರೇಟರು. ಅವರಿಗೂ ಯಾರೋ ಮೇಲ್ವಿಚಾರಕರು ಅದೇ ಪಾಠ ಹೇಳಿದ್ದರು. ಕರೆ ಮಾಡಿದವರು ಮೊದಲು ಇಡಬೇಕು, ಸರಿ. ಆದರೆ ಇಲ್ಲಿ ಕರೆ ಮಾಡಿದವರು ಯಾರು? ಅತ್ತೆಯ ಲೆಕ್ಕದಲ್ಲಿ, ತನ್ನ ಪೇಜಿಗೆ ಬಂದು ಮಾತಾಡಿಸಿದವರು ಅವರು, ಆದ್ದರಿಂದ ಇಡಬೇಕಾದವರೂ ಅವರೇ. ಅವರ ಲೆಕ್ಕದಲ್ಲಿ, ವಿದ್ಯುತ್ ಕಚೇರಿಯವರೇ ಎಂದು ಹೆಸರು ಹಿಡಿದು ಕೂಗಿದವಳು ಇವಳು. ಹೀಗೆ ಇಬ್ಬರೂ ಮರ್ಯಾದೆಯಿಂದ ಮತ್ತೊಬ್ಬರು ಇಡಲಿ ಎಂದು ಕಾಯುತ್ತ, ಕಾಯುವಾಗ ಸುಮ್ಮನಿರುವುದು ತಪ್ಪೆಂದು ಒಂದೊಂದು ಮಾತು ಸೇರಿಸುತ್ತ ಹೋದರು. "ಬಿಸಿಲು ಜಾಸ್ತಿ." "ಹೌದು, ತುಂಬಾ." "ನೀರು ಕುಡಿಯುತ್ತಿರಿ." "ನೀವೂ." "ಆಯ್ತು." "ಆಯ್ತಾಯ್ತು." ಮರುದಿನ ಬೆಳಿಗ್ಗೆ ಅತ್ತೆ ಪೇಜು ತೆರೆದಾಗ ಅವರ "ಶುಭೋದಯ" ಬಂದು ಕೂತಿತ್ತು.

ಊರಿನವರಿಗೆ ಇದು ಹಬ್ಬವಾಯಿತು. ಮೊದಲು ಯಾರೋ ಕಾಲೇಜು ಹುಡುಗಿ ಆ ಸಾಲನ್ನು ತನ್ನ ಗೆಳತಿಯರಿಗೆ ಕಳಿಸಿದಳು. ಅವರು ಇನ್ನಷ್ಟು ಜನಕ್ಕೆ ಕಳಿಸಿದರು. ಕ್ಷೌರದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ ಜನ ಮೊಬೈಲು ಹಿಡಿದು, "ನೀರಿನವರು ಆಯ್ತು ಅಂದ್ರು, ಕರೆಂಟಿನವರು ಇನ್ನೂ ಅಂದಿಲ್ಲ" ಎಂದು ಕಾಯತೊಡಗಿದರು. ಕೆಲವರು ನೀರಿನ ಪಕ್ಷ, ಕೆಲವರು ಕರೆಂಟಿನ ಪಕ್ಷ. ಪೇಜು ನೋಡುವವರ ಸಂಖ್ಯೆ ಏರಿದ್ದು ಕಂಡು ಸಾಹೇಬರು ಹಲ್ಲು ಬಿಟ್ಟು ನಗುತ್ತ ಓಡಾಡಿದರು. ಮೇಲಿನವರು ಅವರಿಗೆ ಶಹಬ್ಬಾಸ್ ಹೇಳಿದ್ದರಂತೆ.

ಮೇಡಂ ಮಾತ್ರ ನಗಲಿಲ್ಲ. ತರಗತಿ ಮುಗಿದ ಮೇಲೆ ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಆಂಟಿ, ಪರೀಕ್ಷಕರು ಬರೋ ಸೋಮವಾರ ಬರ್ತಾರೆ. ಅಷ್ಟರಲ್ಲಿ ಇದು ಮುಗೀಬೇಕು. ಉತ್ತರ ಕೊಡಬೇಡಿ, ಅಷ್ಟೇ. ಸುಮ್ಮನಿದ್ದುಬಿಡಿ."

"ಅವರು ಕಾಯ್ತಿರ್ತಾರಲ್ಲ ಮೇಡಂ."

"ಕಾಯಲಿ."

ಅತ್ತೆ ಪ್ರಯತ್ನ ಮಾಡಿದಳು, ಇಲ್ಲವೆನ್ನಲಾಗದು. ಮೊಬೈಲನ್ನು ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಳು. ಅದು ಡಬ್ಬಿಯೊಳಗಿಂದ ಟಿಣ್ ಎಂದಾಗ ಅವಳ ಕಾಲುಗಳು ತಾವಾಗಿಯೇ ಅಡಿಗೆಮನೆಗೆ ಹೊರಟವು. ಅತ್ತಿಗೆ ನೋಡುತ್ತಾಳೆ, ನಾದಿನಿ ಮೊಣಕೈ ತನಕ ಬಿಳಿಯಾಗಿ, "ಹೌದು ಸರ್, ಇಲ್ಲೂ ಸೆಕೆ" ಎಂದು ಬಾಯಲ್ಲಿ ಹೇಳುತ್ತ ಹಿಟ್ಟು ಮೆತ್ತಿದ ಬೆರಳಿನಲ್ಲಿ ಒತ್ತುತ್ತಿದ್ದಾಳೆ. ಮರುಸಂಜೆ ತರಗತಿಯಲ್ಲಿ ಮೇಡಂ, "ಕೊಡಿ, ನಾನೇ ಮುಗಿಸ್ತೀನಿ" ಎಂದು ತಾನೇ ಒಂದು ಹೆಬ್ಬೆಟ್ಟು ಒತ್ತಿದಳು. ಆ ಕಡೆಯಿಂದ ಹೆಬ್ಬೆಟ್ಟು ಬಂತು. "ಧನ್ಯವಾದಗಳು, ಸಂವಾದ ಮುಕ್ತಾಯ" ಎಂದು ಬರೆದಳು. "ಮುಕ್ತಾಯವಾಗಲಿ, ಸಂತೋಷ. ಧ್ವನಿ ಬೇರೆ ಇದ್ದ ಹಾಗಿದೆ, ಆರೋಗ್ಯ ತಾನೇ?" ಎಂದು ಬಂತು. ಅಕ್ಷರದಲ್ಲಿ ಧ್ವನಿ ಗುರುತು ಹಿಡಿದವರ ಮುಂದೆ ಮೇಡಂ ಕೂಡ ಏನು ಮಾಡಿಯಾಳು? ಪೋಸ್ಟನ್ನೇ ಅಳಿಸಿಬಿಡೋಣ ಎಂದಳು.

"ಲೈನ್ ಕತ್ತರಿಸೋದಾ?" ಅತ್ತೆಯ ಜೀವ ಬಾಯಿಗೆ ಬಂತು. "ಬೇಡ ಮೇಡಂ. ಅದಕ್ಕಿಂತ ಗೋಡೌನೇ ವಾಸಿ."

ಮೇಡಂ ನಿಟ್ಟುಸಿರು ಬಿಟ್ಟು ಆ ಉದ್ದನೆಯ ಸಾಲನ್ನು ಬೆರಳಿನಿಂದ ಮೇಲೆ ಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. "ಆಂಟಿ, ಇದನ್ನ ನೋಡಿದ್ರಾ?"

"ಉಪಕಾರ" ಮತ್ತು "ಕರ್ತವ್ಯ"ಗಳ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡು ಒಂದು ಕಮೆಂಟು ಇತ್ತು. ಪೈಪು ಒಡೆದು ಮನೆಯೊಳಗೆ ನೀರು ನುಗ್ಗುತ್ತಿದೆ, ನನಗೆ ಕಾಲಿಲ್ಲ, ಮಂಚದ ಮೇಲೆ ಕೂತಿದ್ದೇನೆ, ಯಾರನ್ನಾದರೂ ಕಳಿಸಿ, ಎಂದು ಒಬ್ಬ ಹೆಂಗಸು ಬರೆದಿದ್ದಳು. ಬರೆದು ದಿನಗಳಾಗಿದ್ದವು.

ಅತ್ತೆ ಅದನ್ನು ಎರಡು ಸಲ ಓದಿದಳು. ಇಷ್ಟು ವರ್ಷ ಯಾರನ್ನೂ ಕಾಯಿಸಿದವಳಲ್ಲ ಅವಳು. ಬಿಸಿಲು ಜಾಸ್ತಿ, ಹೌದು ತುಂಬಾ ಎಂದು ಬರೆಯುತ್ತಿದ್ದಾಗ ಆ ಹೆಂಗಸು ಮಂಚದ ಮೇಲೆ ಕೂತು ಉತ್ತರ ನೋಡುತ್ತಿದ್ದಳು. ನಾಚಿಕೆಯಿಂದ ಅತ್ತೆಗೆ ಕಣ್ಣು ತುಂಬಿ ಬಂತು. ಆಗಿಂದಾಗ ಪೈಪಿನವರನ್ನು ಎಬ್ಬಿಸಿ ಕಳಿಸಿದಳು, ತಾನೂ ಹಿಂದೆಯೇ ಹೋದಳು. ಪೈಪನ್ನು ನೆರೆಯವರು ಅಂದೇ ಚಿಂದಿ ಸುತ್ತಿ ಕಟ್ಟಿದ್ದರಂತೆ. ಆ ಹೆಂಗಸು ಬೈಯಲೂ ಇಲ್ಲ. "ನಿಮ್ಮಿಬ್ಬರ ಮಾತು ನಾನೂ ಓದ್ತಿದ್ದೆ ಅಕ್ಕಾ, ಹೊತ್ತು ಹೋಗ್ತಿತ್ತು" ಎಂದಳು. ಬೈದಿದ್ದರೆ ಅತ್ತೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ನೆಟ್ಟಗೆ ವಿದ್ಯುತ್ ಕಚೇರಿಗೆ ನಡೆದಳು. ಇದನ್ನು ಮುಗಿಸಿಯೇ ಬರುತ್ತೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಉದ್ದನೆಯ ಓಣಿಯ ಕೊನೆಯಲ್ಲಿ, ಹಳೆಯ ಫ್ಯಾನುಗಳನ್ನು ಪೇರಿಸಿದ್ದ ಕೋಣೆಯಲ್ಲಿ, ಒಂದು ಚಿಕ್ಕ ಮೇಜಿನ ಹಿಂದೆ ಅದಕ್ಕಿಂತ ಚಿಕ್ಕ ಮನುಷ್ಯರೊಬ್ಬರು ಕೂತು ಮೊಬೈಲನ್ನು ನೋಡುತ್ತಿದ್ದರು. ಅಷ್ಟು ದಪ್ಪ ಗಂಟಲಿನವರು ಎತ್ತರದವರೇ ಇರಬೇಕೆಂದು ಅತ್ತೆ ಎಷ್ಟೋ ವರ್ಷದಿಂದ ನಂಬಿದ್ದಳು.

"ಹಲೋ" ಎಂದಳು.

ಅವರು ತಲೆ ಎತ್ತಿದರು. ಮುಖ ನೋಡುವ ಮೊದಲೇ ಗುರುತು ಹಿಡಿದರು. "ನೀರಿನವರು!" ಎಂದು ಎದ್ದು ನಿಂತವರು ಕುರ್ಚಿಯನ್ನು ಅವಳ ಕಡೆ ತಳ್ಳಿ, ತಾವು ಫ್ಯಾನುಗಳ ರಾಶಿಯ ಮೇಲೆ ಕೂತರು. "ಪಂಪು ನಿಂತಿತಾ?"

"ಪಂಪು ನಡೀತಿದೆ. ನೀವು ನಿಲ್ಲಿಸ್ಬೇಕು" ಎಂದು ಅತ್ತೆ ಕೋಪದಿಂದಲೇ ಶುರು ಮಾಡಿದಳು. ಮಂಚದ ಮೇಲಿನ ಹೆಂಗಸಿನ ಕಥೆ ಹೇಳಿದಳು. ಪರೀಕ್ಷೆ, ಗೋಡೌನು, ಎಲ್ಲ ಹೇಳಿದಳು. ಅವರು ಕೇಳುತ್ತ ಕೇಳುತ್ತ ಕುಗ್ಗಿಹೋದರು.

"ನನಗೂ ಪರೀಕ್ಷೆ ಇದೆ" ಎಂದರು. "ಬೆಳಗಿನ ಬ್ಯಾಚು. ಪಾಸಾಗದಿದ್ರೆ ಈ ಫ್ಯಾನುಗಳ ಜೊತೆಗೇ ಇರ್ಬೇಕಂತೆ. ನೀವು ಇಡ್ತೀರ ಅಂತ ನಾನು ಕಾಯ್ತಿದ್ದೆ."

"ನಾನ್ಯಾಕೆ ಇಡ್ಲಿ? ನೀವಲ್ವಾ ಬಂದು ಮಾತಾಡಿಸಿದ್ದು?"

"ನೀವಲ್ವಾ ಕೂಗಿದ್ದು?"

ಈ ವಾದ ಬಹಳ ಹೊತ್ತು ನಡೆಯಿತು. ನಡುವೆ ಚಹಾ ಬಂತು. ಯಾರು ಮೊದಲು ಗುಟುಕರಿಸಬೇಕೆಂಬ ಸಂಕೋಚದಲ್ಲಿ ಅದು ಆರಿತು. ಆಮೇಲೆ ಅತ್ತೆಗೆ ಒಮ್ಮೆಲೇ ಹೊಳೆಯಿತು.

"ನೋಡಿ ಸರ್. ಪೇಜಿನ ಮಾತು ಬಿಡಿ. ಈಗ ನಾನು ನಿಮ್ಮ ಹತ್ತಿರ ನಡೆದುಕೊಂಡು ಬಂದಿದ್ದೀನಿ. ಅಂದ್ರೆ ಕರೆ ಮಾಡಿದವಳು ನಾನೇ. ಇದರಲ್ಲಿ ಅನುಮಾನ ಇಲ್ಲ ತಾನೇ?"

ಅವರು ಯೋಚಿಸಿ, "ಅನುಮಾನ ಇಲ್ಲ" ಎಂದರು.

"ಹಾಗಾದ್ರೆ ನಾನು ಇಡಬಹುದು."

"ಇಡಬಹುದು" ಎಂದರು ಅವರು. ಆಮೇಲೆ ಮೇಜಿನ ಕಡೆ ನೋಡುತ್ತ, "ಫೋನು ಇದ್ದಾಗ ನೀವು ಇಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಕಿವಿಯಲ್ಲೇ ಹಿಡ್ಕೊಂಡಿರ್ತಿದ್ದೆ" ಎಂದರು. "ಹೆಂಡತಿ ಹೋದ ಮೇಲೆ ಮನೇಲಿ ಮಾತಾಡೋರು ಇರ್ಲಿಲ್ಲ. ದಿನಕ್ಕೊಂದು ಸಲ ಪಂಪು ನಿಲ್ಲಲಿ ಅಂತ ಇರ್ತಿತ್ತು. ನನ್ನ ಕೆಲಸಕ್ಕೆ ಅದು ಸರಿಯಲ್ಲ, ಗೊತ್ತು."

ಅತ್ತೆ ಮೊಬೈಲು ತೆಗೆದು, ಒಂದೊಂದೇ ಅಕ್ಷರ ಹುಡುಕಿ, "ಇಡುತ್ತೇನೆ ಸರ್" ಎಂದು ಬರೆದಳು. ಅವರ ಮೊಬೈಲು ಮೇಜಿನ ಮೇಲೆ ಟಿಣ್ ಎಂದಿತು. ಅವರು ಅದನ್ನು ಓದಿದರು, ಉತ್ತರ ಬರೆಯಲಿಲ್ಲ. ಅತ್ತೆ ಎದ್ದು ಬಂದಳು. ಬಸ್ಸಿನಲ್ಲಿ ಕೂತ ಮೇಲೆ, ಖುಷಿ ಪಡುವ ಬದಲು, ಉತ್ತರ ಬಂದಿದೆಯೇ ಎಂದು ಮೊಬೈಲನ್ನು ಮತ್ತೆ ಮತ್ತೆ ತೆಗೆದು ನೋಡಿದಳು.

ಆದರೆ ಊರು ಬಿಡಬೇಕಲ್ಲ? ಸಾಲು ನಿಂತದ್ದೇ ತಡ, ಪೇಜಿಗೆ ಜನ ಮುಗಿಬಿದ್ದರು. "ಏನಾಯ್ತು?" "ಜಗಳವಾಡಿದಿರಾ?" "ಕರೆಂಟಿನವರು ಹುಷಾರಾಗಿದ್ದಾರಾ?" "ನೀರಿನವರು ಹೀಗೆ ಇಡಬಾರದಿತ್ತು." ಒಂದು ಸಾಲು ಮುಚ್ಚಿದ್ದಕ್ಕೆ ನೂರಾರು ಬಾಕಿ ತೆರೆದುಕೊಂಡವು. ಅತ್ತೆ ಕೂತಲ್ಲೇ ಕೂತು ಎಲ್ಲರಿಗೂ ಒಂದೇ ಮಾತು ಬರೆದಳು: "ಹಲೋ, ಜಗಳವೇನೂ ಇಲ್ಲ. ಅವರ ಕಚೇರಿಗೇ ಹೋಗಿ, ಕೂತು ಮಾತಾಡಿ ಬಂದೆ." ಕೆಳಗಿಂದ ಬರೆಯುತ್ತ ಹೋದರೆ ಮೇಲಿಂದ ಬಾಕಿ ಬೆಳೆಯುತ್ತಿತ್ತು.

ಸೋಮವಾರ ಪರೀಕ್ಷಕರು ಬಂದು ಸಾಹೇಬರ ಕೋಣೆಯಲ್ಲಿ ಪೇಜು ತೆರೆದು ನೋಡಿದರು. ನೋಡಿ ಕನ್ನಡಕ ತೆಗೆದರು. "ಇಷ್ಟು ಬಾಕಿ ನಾನು ಎಲ್ಲೂ ಕಂಡಿಲ್ಲ" ಎಂದರು. ಮೇಡಂ ಮಗುವಿನ ಹಾಗೆ ವಾದ ಮಾಡಿದಳು, ಪ್ರಯೋಜನವಾಗಲಿಲ್ಲ. ಹಲೋ ಅತ್ತೆ ಫೇಲಾದಳು. ಸಾಹೇಬರು ಗೋಡೌನಿನ ಆರ್ಡರಿಗೆ ಸಹಿ ಮಾಡಿ, ಅದನ್ನು ಕೊಡಲು ತಾವೇ ಕೆಳಗಿಳಿದರು.

ಟೆಲಿಫೋನ್ ಕೋಣೆಯ ತನಕ ಹೋಗಲು ಆಗಲಿಲ್ಲ. ಮೆಟ್ಟಿಲಿನಿಂದ ಗೇಟಿನ ತನಕ ಜನ ಸಾಲು ನಿಂತಿದ್ದರು. ಖಾಲಿ ಕೊಡ ಹಿಡಿದವರು, ಒಡೆದ ನಲ್ಲಿಯನ್ನೇ ಕಿತ್ತು ಚೀಲದಲ್ಲಿ ಹಾಕಿಕೊಂಡು ಬಂದವರು, ಬಾಟಲಿಯಲ್ಲಿ ಹುಳುವನ್ನು ಹಿಡಿದು ತಂದ ಮುದುಕ. ಕಚೇರಿಗೇ ಹೋಗಿ ಕೂತು ಮಾತಾಡಬಹುದು ಎಂಬ ಸುದ್ದಿ ಊರಿಗೆ ಹೊಸದಾಗಿತ್ತು, ಅದನ್ನು ನೀರಿನವರೇ ಬರೆದಿದ್ದರು. ಕೋಣೆಯ ಕಿಟಕಿಯ ಹಿಂದೆ ಅತ್ತೆ, "ಹಲೋ, ಹೇಳಿ" ಎಂದು ಒಬ್ಬೊಬ್ಬರನ್ನೇ ಕೇಳಿಸಿಕೊಳ್ಳುತ್ತಿದ್ದಳು. ಅವಳ ಗಂಟಲು ಒಣಗಿ ಹೋಗಿತ್ತು, ಮುಖ ಮಾತ್ರ ಅರಳಿತ್ತು.

ಸಾಹೇಬರು ಮುಂದೆ ನುಗ್ಗಿದರು. "ಸಾಲಲ್ಲಿ ಬನ್ನಿ ಸ್ವಾಮೀ, ನಮಗೇನು ಕೆಲಸ ಇಲ್ವಾ?" ಎಂದು ಕೊಡದವಳು ಅಡ್ಡ ನಿಂತಳು. "ನಾನು ಈ ಕಚೇರಿ ಮುಖ್ಯ ಇಂಜಿನಿಯರ್" ಎಂದರು ಅವರು. ಅಲ್ಲೇ ಅವರು ಕೆಟ್ಟರು. ಸಾಲು ಮುರಿದು ಅವರ ಸುತ್ತ ಸೇರಿತು. ಹುಳುವಿನ ಬಾಟಲಿ ಅವರ ಮೂಗಿನ ತನಕ ಬಂತು. ಆರ್ಡರನ್ನು ಮುದುಡಿ ಜೇಬಿಗೆ ತುರುಕಿ, ಅಂಗಿಯ ಗುಂಡಿ ಕಿತ್ತುಹೋಗುವಂತೆ ಬಿಡಿಸಿಕೊಂಡು, ಮೆಟ್ಟಿಲ ಮೇಲಿಂದ ಕೂಗಿದರು. "ಅಮ್ಮಾ! ನೀವು ಅಲ್ಲೇ ಇರಿ! ಎಲ್ಲಿಗೂ ಹೋಗ್ಬೇಡಿ! ಇವರನ್ನೆಲ್ಲ ನೀವೇ ನೋಡ್ಕೊಳ್ಳಿ!"

"ಆಯ್ತು ಸರ್" ಎಂದಳು ಅತ್ತೆ. ಫೇಲಾದ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ, ಮುಟ್ಟಿದ ಮೇಲೂ ಅದರಿಂದ ಏನೂ ಆಗಲಿಲ್ಲ.

ಸಾಲು ಮತ್ತೆ ಕೂಡಿತು. ಕೊಡದವಳು ಹೋದಳು, ನಲ್ಲಿಯವನು ಹೋದ, ಹುಳುವಿನ ಮುದುಕ ಬಾಟಲಿಯನ್ನು ಅಲ್ಲೇ ಬಿಟ್ಟು ಹೋದ. "ಮುಂದೆ ಯಾರು? ಹಲೋ, ಹೇಳಿ" ಎಂದು ಅತ್ತೆ ತಲೆ ಎತ್ತಿದಳು. ಕಿಟಕಿಯ ಆಚೆ ವಿದ್ಯುತ್ ಕಚೇರಿಯವರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ಸಾಲಿನ ತಳ್ಳಾಟದಲ್ಲಿ ಮುದ್ದೆಯಾಗಿತ್ತು.

"ನಿಮ್ಮನೇಲಿ ನೀರು ಬರ್ತಿಲ್ವಾ?"

"ಬರ್ತಿದೆ."

"ಕಚೇರೀಲಿ?"

"ಅಲ್ಲೂ ಬರ್ತಿದೆ. ದೂರು ಏನೂ ಇಲ್ಲ."

"ಮತ್ತೆ ಇಷ್ಟು ಹೊತ್ತು ಸಾಲಲ್ಲಿ ಯಾಕೆ ನಿಂತ್ರಿ?"

ಅವರು ಹಿಂದೆ ನಿಂತವರನ್ನು ಒಮ್ಮೆ ನೋಡಿ, ಗಂಟಲು ಸರಿ ಮಾಡಿಕೊಂಡು, "ನಿಮ್ಮ ಹತ್ತಿರ ಮಾತಾಡ್ಬೇಕಿತ್ತು" ಎಂದರು. ಹಿಂದಿನಿಂದ ಯಾರೋ, "ಬೇಗ ಮುಗಿಸ್ರೀ!" ಎಂದು ಕೂಗಿದರು. ಇನ್ನೊಬ್ಬರು ದನಿಗೂಡಿಸಿದರು.

ಅತ್ತೆ ಎದ್ದು ಕೋಣೆಯ ಬಾಗಿಲು ತೆಗೆದು ಅವರನ್ನು ಒಳಗೆ ಕರೆದು ಕೂರಿಸಿದಳು. ಆಮೇಲೆ ಕಿಟಕಿಗೆ ಬಂದು, ಗೇಟಿನ ತನಕ ಇದ್ದ ಅಷ್ಟೂ ಜನರಿಗೆ ಹೇಳಿದಳು: "ಸ್ವಲ್ಪ ಹೊತ್ತು ಕಾಯಿರಿ. ಇವರ ಹತ್ತಿರ ಮಾತಾಡೋದಿದೆ."